ಬಾವನವರ ಒಂದೊತ್ತಿನ ಕಾರ್ಡು

ನಮ್ಮ ಬಾವನವರು ಪ್ರತಿ ಗುರುವಾರ ತಪ್ಪದೆ ಒಂದು ಜೀವ ತೆಗೆಯುತ್ತಿದ್ದರು. ಅದೂ ನಮ್ಮ ಮನೆಯ ಪಡಸಾಲೆಯಲ್ಲಿ, ಹಾಡುಹಗಲಿನಲ್ಲಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು!

ಗಾಬರಿಯಾಗಬೇಡಿ ಮಕ್ಕಳೇ. ಬಾವನವರೆಂದರೆ ನಿಮ್ಮಜ್ಜನ ಅಣ್ಣ, ನಿಮಗೆ ದೊಡ್ಡಜ್ಜ. ದಾರಿಯಲ್ಲಿ ಇರುವೆಯ ಸಾಲು ಕಂಡರೆ ಎಲ್ಲಿ ಕಾಲಿಡುವುದೆಂದು ತಿಳಿಯದೆ ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಲ್ಲುವ ಮನುಷ್ಯ. ಅವರ ಕೈಯಲ್ಲಿ ಸಾಯುತ್ತಿದ್ದದ್ದು ಒಂದು ಕಾರ್ಡು. ಜೇಬಿನಲ್ಲಿ ಇಡುವಂಥ ಕಾರ್ಡಲ್ಲ. ಕಂಪ್ಯೂಟರಿನಲ್ಲಿ ಬ್ಯಾಂಕಿನ ಪುಟ ತೆರೆದು, ಇಷ್ಟು ರೂಪಾಯಿಯ ಒಂದು ಕಾರ್ಡು ಬೇಕು ಎಂದು ಕೇಳಿದರೆ ಫೋನಿಗೆ ಆರು ಅಂಕಿಗಳು ಬರುತ್ತಿದ್ದವು. ಆ ಅಂಕಿಗಳನ್ನು ಒತ್ತಿದರೆ ಪರದೆಯ ಮೇಲೆ ಒಂದು ಕಾರ್ಡಿನ ಚಿತ್ರ ಮೂಡುತ್ತಿತ್ತು, ಹದಿನಾರು ಅಂಕಿಯ ನಂಬರಿನ ಸಮೇತ. ಆ ನಂಬರಿನಿಂದ ಒಂದೇ ಒಂದು ಸಲ ಏನಾದರೂ ಕೊಳ್ಳಬಹುದು. ಕೊಂಡ ಕೂಡಲೇ ಅದು ಸತ್ತಿತು! ಕೊಳ್ಳದಿದ್ದರೂ ಮರುದಿನದ ಹೊತ್ತಿಗೆ ತಾನಾಗಿಯೇ ಕಣ್ಣುಮುಚ್ಚುತ್ತಿತ್ತು. ಆಮೇಲೆ ಎಂಥ ಕಳ್ಳ ಆ ನಂಬರನ್ನು ಕದ್ದರೂ ಅವನಿಗೆ ಸಿಗುವುದು ಹೆಣ.

ಬಾವನವರು ಅದಕ್ಕೆ ಇಟ್ಟಿದ್ದ ಹೆಸರು ಒಂದೊತ್ತಿನ ಕಾರ್ಡು.

"ಹುಟ್ಟಿತು, ದುಡೀತು, ಹೋತು. ಯಾರ ಕೈಗೂ ಸಿಗಲಿಲ್ಲ, ಯಾರಿಗೂ ಭಾರ ಆಗಲಿಲ್ಲ. ಬಾಳಿದ್ರ ಹಿಂಗ ಬಾಳಬೇಕು," ಎಂದು ಪ್ರತಿ ಕಾರ್ಡಿಗೂ ಎರಡು ಒಳ್ಳೆಯ ಮಾತು ಹೇಳಿ ಕಳಿಸುತ್ತಿದ್ದರು. ಇಷ್ಟು ವಿಭೂತಿ ಹಚ್ಚುವವರು ಇದನ್ನು ಸೋಮವಾರ ಯಾಕೆ ಮಾಡುತ್ತಿರಲಿಲ್ಲ ಎಂದು ಕೇಳುತ್ತೀರಾ? ಸೋಮವಾರ ಶಿವನ ವಾರವಲ್ಲವೇ, ಅಂದು ಜೀವ ತೆಗೆಯಬಾರದಂತೆ!

ಬಾವನವರ ಈ ಸಂಶಯದ ಸ್ವಭಾವ ಹುಟ್ಟಿನಿಂದ ಬಂದದ್ದಲ್ಲ, ಹತ್ತಿಯಿಂದ ಬಂದದ್ದು. ನಮ್ಮ ಆದೋನಿಯ ಪೇಟೆಯಲ್ಲಿ ಅವರು ಒಬ್ಬ ವ್ಯಾಪಾರಿಯ ಹತ್ತಿರ ಹತ್ತಿ ನೋಡುವ ಕೆಲಸದಲ್ಲಿದ್ದರು. ಒಂದು ಚಿಟಿಕೆ ಹತ್ತಿಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದು, ಕಣ್ಣು ಮುಚ್ಚಿ, ಇದು ಯಾವ ನೆಲದ್ದು, ಎಷ್ಟು ಉದ್ದದ ಎಳೆ, ಒಡೆಯ ರಾತ್ರಿ ನೀರು ಚಿಮುಕಿಸಿ ತೂಕ ಹೆಚ್ಚಿಸಿದ್ದಾನೋ ಇಲ್ಲವೋ, ಎಲ್ಲವನ್ನೂ ಹೇಳುತ್ತಿದ್ದರು. ಆ ಕಾಲದಲ್ಲಿ ಬೆಲೆಯನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಒಂದು ಟವೆಲ್ಲಿನ ಅಡಿಯಲ್ಲಿ ಕೈ ಸೇರಿಸಿ, ಬೆರಳು ಮುಟ್ಟಿ ಮುಟ್ಟಿಯೇ ದರ ಮುಗಿಸುತ್ತಿದ್ದರು. ಸುತ್ತ ನೂರು ಜನ ನಿಂತಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬದುಕಿನ ಅರ್ಧ ಭಾಗ ಟವೆಲ್ಲಿನ ಕೆಳಗೆ ಕೈಯಿಟ್ಟು ಕಳೆದವರು, ಬ್ಯಾಂಕಿನ ಕಾರ್ಡನ್ನು ಎಲ್ಲರ ಎದುರು ಆಚೆ ತೆಗೆಯುತ್ತಾರೆಯೇ?

ಮೊದಲು ಬ್ಯಾಂಕಿನವರು ಅವರಿಗೊಂದು ಪ್ಲಾಸ್ಟಿಕ್ ಕಾರ್ಡು ಕೊಟ್ಟಿದ್ದರು. ಅದರ ಮೇಲೆ ನಂಬರನ್ನು ಬಿಚ್ಚಿ ಬರೆದದ್ದು ನೋಡಿ ಅವರಿಗೆ ದಿಗಿಲಾಯಿತು. ಮನೆಗೆ ಬಂದವರೇ ಬ್ಲೇಡು ಹಿಡಿದು ಹದಿನಾರು ಅಂಕಿಗಳನ್ನೂ ಕೆರೆದು ಹಾಕಿದರು. ಈಗ ಯಾವ ಕಳ್ಳನಿಗೂ ಓದಲು ಬರುವುದಿಲ್ಲ! ಬಾವನವರಿಗೂ ಬರುವುದಿಲ್ಲ! ಬ್ಯಾಂಕಿನವರು ಅದನ್ನು ಬೆಳಕಿಗೆ ಹಿಡಿದು ನೋಡಿ, ನಕ್ಕು, ಬೇರೆ ಕೊಟ್ಟರು. ಅದನ್ನು ಅವರು ಜೋಳದ ಗುಮ್ಮಿಯಲ್ಲಿ ಹೂತಿಟ್ಟರು. ಜೋಳ ಮುಗಿಯುತ್ತ ಬಂದಾಗ ಒಂದು ದಿನ ನಮ್ಮಕ್ಕ, ಅಂದರೆ ಅವರ ಹೆಂಡತಿ, ತಳದ ಕಾಳಿನ ಜೊತೆ ಅದನ್ನೂ ಮೊರದಲ್ಲಿ ಹಾಕಿ ಕೇರಿ ತೌಡಿನ ಜೊತೆ ಎಮ್ಮೆಯ ಮುಂದೆ ಸುರಿದಳು. ಎಮ್ಮೆಗೆ ಬುದ್ಧಿ ಇತ್ತು, ತಿನ್ನಲಿಲ್ಲ.

ಇದನ್ನೆಲ್ಲ ಕೇಳಿದ ಬ್ಯಾಂಕಿನ ಒಬ್ಬ ಪುಣ್ಯಾತ್ಮ ಅವರಿಗೆ ಒಂದೊತ್ತಿನ ಕಾರ್ಡಿನ ಬಗ್ಗೆ ಹೇಳಿಕೊಟ್ಟ. ಬಾವನವರು ಅಂದು ಬ್ಯಾಂಕಿನಿಂದ ಬಂದ ರೀತಿ ನೋಡಿದರೆ, ಇಷ್ಟು ವರ್ಷ ಹುಡುಕುತ್ತಿದ್ದ ಗುರು ಕಡೆಗೂ ಸಿಕ್ಕಿದ ಹಾಗಿತ್ತು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಬರಲು ಸಂಕೋಚ, ಆದರೂ ಬರಲೇಬೇಕು.

ನಮ್ಮ ಮನೆತನದಲ್ಲಿ ಗಂಡನ ಅಣ್ಣನ ಎದುರು ನಿಂತು ಮಾತಾಡುವ ಪದ್ಧತಿ ಇಲ್ಲ. ಆಲೂರಿನ ಆಚೆಯ ಹಳ್ಳಿಯಿಂದ ನಾನು ಸೊಸೆಯಾಗಿ ಬಂದ ದಿನವೇ ನಮ್ಮತ್ತೆ ಇದನ್ನು ಕಿವಿಯಲ್ಲಿ ಹೇಳಿದ್ದರು. ಹೇಳದಿದ್ದರೂ ನಡೆಯುತ್ತಿತ್ತು. ನಾನು ಶಾಲೆಯಲ್ಲಿ ಮೇಷ್ಟ್ರು ಹೆಸರು ಕರೆದರೆ ಹಾಜರ್ ಎನ್ನಲೂ ಪಕ್ಕದ ಹುಡುಗಿಯ ಕೈಲಿ ಹೇಳಿಸುತ್ತಿದ್ದವಳು! ಬಾವನವರು ಪಡಸಾಲೆಗೆ ಬಂದರೆ ನಾನು ಅಡುಗೆಮನೆಗೆ. ನಾನು ಅಂಗಳಕ್ಕೆ ಬಂದರೆ ಅವರು ಕೆಮ್ಮಿ ಬೀದಿಗೆ. ನಡುವೆ ನಿಮ್ಮಜ್ಜ. "ಅಣ್ಣಾಗ ಚಾ ಬೇಕಂತ," "ಆಕಿ ಕೇಳ್ತಾಳ, ಸಕ್ಕರಿ ಹಾಕಬೇಕೋ ಬ್ಯಾಡೋ ಅಂತ," ಎಂದು ನಿಮ್ಮಜ್ಜ ಆರು ಹೆಜ್ಜೆಯ ಜಾಗದಲ್ಲಿ ನಲವತ್ತು ವರ್ಷ ಮಾತು ಹೊತ್ತರು.

ಬಾವನವರು ಫೋನು ಇಟ್ಟುಕೊಂಡವರಲ್ಲ. ಫೋನು ಮನೆಯೊಳಗೆ ಇದ್ದರೆ ಬಾಗಿಲು ಹಾಕಿಯೂ ಪ್ರಯೋಜನವಿಲ್ಲ ಎಂಬುದು ಅವರ ಮತ. ಹಾಗಾಗಿ ಬ್ಯಾಂಕಿನಲ್ಲಿ ನಿಮ್ಮಜ್ಜನ ನಂಬರನ್ನೇ ಬರೆಸಿದ್ದರು. ಕಂಪ್ಯೂಟರು ನಿಮ್ಮಪ್ಪ ಓದುವಾಗ ತಂದದ್ದು, ನಮ್ಮ ಪಡಸಾಲೆಯಲ್ಲಿತ್ತು. ಅಂಕಿ ಬಂದರೆ ನಿಮ್ಮಜ್ಜ ಓದುವರು, ಬಾವನವರು ಒತ್ತುವರು. ಹಾಗೆ ನಡೆಯುತ್ತಿತ್ತು.

ಆಮೇಲೆ ನಿಮ್ಮಜ್ಜ ಹೋದರು.

ಫೋನು ನನ್ನ ಹತ್ತಿರ ಉಳಿಯಿತು. ಮೂರು ತಿಂಗಳು ಬಾವನವರು ಏನನ್ನೂ ಕೊಳ್ಳಲಿಲ್ಲ. ನಂತರ ಒಂದು ಗುರುವಾರ ಮಧ್ಯಾಹ್ನ ಅಕ್ಕನನ್ನು ಮುಂದೆ ಮಾಡಿಕೊಂಡು ಬಂದು ಪಡಸಾಲೆಯಲ್ಲಿ ಕುಳಿತರು. ಕುಳಿತು ಗೋಡೆಯ ಕಡೆ ತಿರುಗಿ, ಗಂಟಲು ಸರಿಪಡಿಸಿಕೊಂಡು ಹೇಳಿದರು:

"ಗ್ವಾಡೆವ್ವಾ, ಒಳಗ ಫೋನು ಗುಂಯ್ ಅಂದ್ರ ಅದರಾಗ ಆರು ಅಂಕಿ ಬಂದಿರ್ತಾವು. ಅವು ಏನಂತ ಯಾರರ ಹೇಳಿದ್ರ ಉಪಕಾರ ಆಗ್ತತಿ."

ಗ್ವಾಡೆವ್ವ ಎಂದರೆ ಗೋಡೆ! ಅಂದಿನಿಂದ ನಮ್ಮ ಪಡಸಾಲೆಯ ಗೋಡೆ ನಮ್ಮ ಮನೆಯ ಹೆಣ್ಣುಮಗಳಾಯಿತು.

ಫೋನು ಗುಂಯ್ ಎಂದಿತು. ನಾನು ಅಡುಗೆಮನೆಯ ಬಾಗಿಲ ಹಿಂದೆ ಸೆರಗು ಎಳೆದುಕೊಂಡು ನಿಂತೆ. ಬಾವನವರಿಗೆ ಕೇಳುವಂತೆ ನಾನು ಆಡಿದ ಮೊದಲ ಮಾತು ಏನು ಗೊತ್ತೇ? ನಾಲ್ಕು! ಬರೀ ನಾಲ್ಕು ಎಂದರೆ ಮರ್ಯಾದೆಯೇ? ಅದಕ್ಕೆ, "ನಾಲ್ಕುರೀ..." ಎಂದೆ. ಸ್ವಲ್ಪ ಉಸಿರು ತೆಗೆದುಕೊಂಡು, "ಎಂಟುರೀ..." ಎಂದೆ. ಸೆರಗು ಸರಿ ಮಾಡಿಕೊಂಡು, "ಸೊನ್ನಿರೀ..." ಎಂದೆ. ಐದನೆಯ ಅಂಕಿಗೆ ಮರ್ಯಾದೆ ಕೊಡುವಷ್ಟರಲ್ಲಿ ಬ್ಯಾಂಕಿನವರು ಕೊಟ್ಟಿದ್ದ ಮೂರು ನಿಮಿಷ ಮುಗಿದೇ ಹೋಯಿತು!

ಅಕ್ಕ ನಕ್ಕೂ ನಕ್ಕೂ ನೆಲಕ್ಕೆ ಕುಳಿತಳು. "ಅಲ್ಲೇ ತಂಗಿ, ಅಂಕಿಗೆ ಯಾಕ ಇಷ್ಟು ಗೌರವ? ಅವೇನು ನಿನ್ನ ಮಾವಂದ್ರೇನು?"

ಬಾವನವರು ನಗಲಿಲ್ಲ. "ಗ್ವಾಡೆವ್ವಾ, ಅವಸರ ಇಲ್ಲ. ಇನ್ನೊಮ್ಮೆ ತರಿಸಿದ್ರಾತು," ಎಂದರು.

ಹೀಗೆ ಶುರುವಾಯಿತು. ಒಂದು ವಾರಕ್ಕೆ ಆರು ಅಂಕಿ. ಅದೇ ನಮ್ಮಿಬ್ಬರ ನಡುವಿನ ಮಾತುಕತೆ, ಅಷ್ಟೇ ಮಾತುಕತೆ. ಅಕ್ಕ ಎರಡು ಮೂರು ವಾರ ಜೊತೆಗೆ ಬಂದಳು, ಆಮೇಲೆ "ನಿಮ್ಮ ಅಂಕಿ ಕೇಳಿ ಕೇಳಿ ನನಗ ನಿದ್ದಿ ಬರ್ತತಿ," ಎಂದು ಬಿಟ್ಟಳು. ಕೆಲಸವೆಂಬುದು ಒಂದು ಇದ್ದದ್ದರಿಂದ ಬಾವನವರು ಒಬ್ಬರೇ ಬಂದರೂ ಯಾರೂ ಏನೂ ಅನ್ನುವಂತಿರಲಿಲ್ಲ. ಕೆಲಸವಿಲ್ಲದೆ ತಮ್ಮನಿಲ್ಲದ ಮನೆಗೆ ಅವರು ಕಾಲಿಡುವವರಲ್ಲ.

ಗುರುವಾರದ ಮಧ್ಯಾಹ್ನಗಳು ಹೇಗಿರುತ್ತಿದ್ದವೆಂದು ಹೇಳಲೇ? ನೀವು ಶಾಲೆಯಲ್ಲಿ, ನಿಮ್ಮಪ್ಪ ಕೆಲಸದಲ್ಲಿ, ನಿಮ್ಮಮ್ಮ ದೇವನಕೊಂಡದ ಆಫೀಸಿನಲ್ಲಿ. ಹೊರಗೆ ಬಿಸಿಲು ಬಂಡೆಗಳ ಮೇಲೆ ಮಲಗಿರುತ್ತಿತ್ತು. ಎಲ್ಲಿಂದಲೋ ಹತ್ತಿ ಬಿಡಿಸುವ ಜಿನ್ನಿನ ಸದ್ದು ದೂರದ ಜೇನುಹುಟ್ಟಿನ ಹಾಗೆ. ಕಿಟಕಿಯಲ್ಲಿ ಒಂದು ಹತ್ತಿಯ ಎಳೆ ತೇಲಿಕೊಂಡು ಬಂದು, ಬೆಳಕಿನ ಕೋಲಿನಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎಂದು ಯೋಚಿಸುತ್ತಿತ್ತು. ಆ ಹೊತ್ತಿಗೆ ಬಾವನವರ ಕೆಮ್ಮು ಕೇಳುತ್ತಿತ್ತು.

ಬಂದವರು ಮೊದಲು ಕಿಟಕಿ ಹಾಕುವರು. ಕನ್ನಡಿಗೆ ಬಟ್ಟೆ ಮುಚ್ಚುವರು. ಗೋಡೆಯ ಮೇಲಿನ ಕ್ಯಾಲೆಂಡರಿನ ಶಿವಪಾರ್ವತಿಯರನ್ನು ಹಿಂದುಮುಂದಾಗಿ ತಿರುಗಿಸುವರು. ಅಕ್ಕ ಒಮ್ಮೆ ಇದನ್ನು ನೋಡಿ ಕೇಳಿದಳು:

"ದೇವರಿಗೂ ನಂಬರು ಕಾಣಬಾರದೇನ್ರಿ?"

"ದೇವರಿಗೆ ಮೊದಲ ಗೊತ್ತಿರ್ತತಿ. ಆದ್ರ ಕ್ಯಾಲೆಂಡರ್ ಕೊಟ್ಟಾಂವ ಅಂಗಡಿಯಾಂವ ಅಲ್ಲೇನು?"

ಆಮೇಲೆ ಕೀಲಿಮಣೆಯ ಮೇಲೆ ಟವೆಲ್ಲು ಹಾಸುವರು. ಹೌದು, ಅದೇ ಹತ್ತಿ ಪೇಟೆಯ ಟವೆಲ್ಲು! ಅದರ ಅಡಿಯಲ್ಲಿ ಕೈ ತೂರಿಸಿ, ಬೆರಳಿನಿಂದಲೇ ಗುಂಡಿ ಹುಡುಕಿ ಒತ್ತುವರು. ಪರದೆಯ ಮೇಲೆ ಮೂಡಿದ ನಂಬರನ್ನು ಸ್ಲೇಟಿನಲ್ಲಿ ಕನ್ನಡದ ಅಂಕಿಗಳಲ್ಲಿ ಬರೆದುಕೊಳ್ಳುವರು. ಆದೋನಿಯಲ್ಲಿ ಕನ್ನಡದ ಅಂಕಿ ಓದುವ ಕಳ್ಳ ಹುಟ್ಟಿಲ್ಲವೆಂದು ಅವರ ಧೈರ್ಯ. ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಸ್ಲೇಟನ್ನು ಒರೆಸಿ, ಕಾರ್ಡಿಗೆ ಎರಡು ಒಳ್ಳೆಯ ಮಾತು ಹೇಳಿ, ಶಿವಪಾರ್ವತಿಯರನ್ನು ಈ ಕಡೆ ತಿರುಗಿಸಿ, ಹೊಸ್ತಿಲ ಹತ್ತಿರ ನಾನು ಇಟ್ಟಿರುತ್ತಿದ್ದ ಚಹಾ ಕುಡಿದು ಹೊರಡುವರು.

ಟವೆಲ್ಲಿನಿಂದ ಒಮ್ಮೆ ದೊಡ್ಡ ಅನಾಹುತವೇ ಆಗುತ್ತಿತ್ತು. ಬಾವನವರಿಗೆ ಒಂದು ಛತ್ರಿ ಬೇಕಾಗಿತ್ತು. ಎಷ್ಟು ಬೇಕು ಎಂದು ಕೇಳುವ ಜಾಗದಲ್ಲಿ ಒಂದು ಒತ್ತಿದರು. ಟವೆಲ್ಲಿನ ಅಡಿಯಲ್ಲಿ ಒತ್ತಿದೆನೋ ಇಲ್ಲವೋ ಎಂದು ಸಂಶಯ ಬಂದು ಇನ್ನೊಮ್ಮೆ ಒಂದು ಒತ್ತಿದರು. ಹನ್ನೊಂದು ಛತ್ರಿ! ಆದರೆ ಅಂದಿನ ಕಾರ್ಡಿಗೆ ಅವರು ತುಂಬಿದ್ದು ಒಂದೇ ಛತ್ರಿಗೆ ಆಗುವಷ್ಟು. ಕಾರ್ಡು ಆಗುವುದಿಲ್ಲ ಎಂದಿತು. ಬಾವನವರು ಟವೆಲ್ಲು ಎತ್ತಿ ನೋಡಿ, ಎದ್ದು ನಿಂತು, ಕಂಪ್ಯೂಟರಿಗೆ ಕೈಮುಗಿದರು.

"ನೋಡಿದ್ಯಾ ಗ್ವಾಡೆವ್ವಾ? ಹನ್ನೊಂದು ಛತ್ರಿ ಬಿಚ್ಚೋವಷ್ಟು ಮಳಿ ಈ ಊರು ಯಾವತ್ತರ ಕಂಡತೇನು? ನನಗ ಬುದ್ಧಿ ಇರಲಿಲ್ಲ, ಕಾರ್ಡಿಗೆ ಇತ್ತು!"

ನನಗೋ ಸ್ವಲ್ಪ ನಿರಾಸೆಯೇ ಆಯಿತು. ಬಾಗಿಲ ಹಿಂದೆ ನಿಂತು ನಾನು ಆಗಲೇ ಹನ್ನೊಂದು ಛತ್ರಿಗಳನ್ನು ಮಾಳಿಗೆಯ ಮೇಲೆ ಬಿಚ್ಚಿ ಹರವಿದ್ದೆ. ಗಾಳಿ ಬಂದು, ಅವು ಒಂದೊಂದಾಗಿ ಎದ್ದು, ಕೋಟೆಯ ಬೆಟ್ಟದ ಕಡೆ ಹದ್ದುಗಳ ಹಾಗೆ ತಿರುಗುತ್ತಾ ಹೋಗುವುದನ್ನು ಒಂದು ವಾರ ಪೂರ್ತಿ ಮನಸ್ಸಿನಲ್ಲಿ ನೋಡಿದೆ. ರೊಟ್ಟಿ ಎರಡು ಸಲ ಹೊತ್ತಿತು. ನಿಮ್ಮಮ್ಮ ಕೇಳಿದಳು, ಏನಾಯಿತತ್ತೆ ಎಂದು. ಛತ್ರಿ ಹಾರಿತು ಎಂದು ಹೇಳಲು ಆಗುತ್ತದೆಯೇ?

ಬಾವನವರು ಕೊಳ್ಳುತ್ತಿದ್ದ ಸಾಮಾನುಗಳು ಯಾವುವೂ ಯಾರಿಗೂ ಬೇಕಾದವಲ್ಲ. ಒಂದು ದಿಕ್ಸೂಚಿ. ಸಮುದ್ರವನ್ನೇ ಕಾಣದ ಅವರಿಗೆ ಒಂದು ಶಂಖ. ಹಿಮದ ಊರಿನ ಚಿತ್ರವಿರುವ ಒಂದು ಗಾಜಿನ ಗುಂಡು. ಏಕೆಂದು ಅಕ್ಕ ಕೇಳಿದರೆ, "ಕಾರ್ಡಿಗೆ ಕೆಲಸ ಬೇಕಲ್ಲ!" ಎನ್ನುವರು. ಒಮ್ಮೆ ಗೋಡೆಗೆ ಹೇಳಿದರು:

"ಗ್ವಾಡೆವ್ವಾ, ಯಾರಿಗರ ಏನರ ಬೇಕಾಗಿದ್ರ ಹೇಳಬಹುದು. ಕಾರ್ಡಿಗೆ ಬ್ಯಾಸರ ಇಲ್ಲ."

ನನಗೆ ಓದಲು ಕನ್ನಡದ ಒಂದು ಪುಸ್ತಕ ಬೇಕಾಗಿತ್ತು. ಈ ಊರಿನ ಅಂಗಡಿಗಳಲ್ಲಿ ಸಿಗುವುದು ತೆಲುಗಿನವು. ಆದರೆ ಬಾಯಿ ಬರಬೇಕಲ್ಲ! ಅಂಕಿಗಳನ್ನು ಓದಿ ಮುಗಿಸಿದ ಮೇಲೆ, ಅದೇ ಉಸಿರಿನಲ್ಲಿ, "ಕನ್ನಡ ಪುಸ್ತಕರೀ" ಎಂದು ಏಳನೆಯ ಅಂಕಿಯ ಹಾಗೆ ಸೇರಿಸಿಬಿಟ್ಟೆ. ಮುಂದಿನ ವಾರ ಪುಸ್ತಕ ಬಂದಿತು. ಜೇನು ಸಾಕಣೆಯ ಬಗ್ಗೆ! ಬಾವನವರು ಕನ್ನಡದ್ದು ಎಂಬುದನ್ನಷ್ಟೇ ನೋಡಿ ಅದನ್ನು ಕೊಂಡಿದ್ದರು. ನಾನು ಅದನ್ನು ಎಷ್ಟು ಸಲ ಓದಿದೆನೆಂದರೆ, ಈಗ ಯಾರಾದರೂ ಒಂದು ರಾಣಿಜೇನು ತಂದುಕೊಟ್ಟರೆ ನಾಳೆಯೇ ಸಂಸಾರ ಶುರುಮಾಡಿಸಬಲ್ಲೆ.

ದಿನ ಹೋದಂತೆ ನನ್ನ ಅಂಕಿಗಳಿಂದಲೇ ಬಾವನವರಿಗೆ ನಮ್ಮ ಮನೆಯ ಸಮಾಚಾರ ತಿಳಿಯತೊಡಗಿತು. ಹತ್ತಿಯ ಎಳೆ ಎಳೆದು ನೋಡಿದ ಹಾಗೆ ನನ್ನ ದನಿಯನ್ನು ಎಳೆದು ನೋಡುತ್ತಿದ್ದರೋ ಏನೋ! "ಗ್ವಾಡೆವ್ವಗ ನೆಗಡಿ ಆದಂಗೈತಿ. ಶುಂಠಿ ಹಾಕಿ ಕಷಾಯ ಕುಡೀಬೇಕು," ಎನ್ನುವರು. "ಇವತ್ತು ಗ್ವಾಡೆವ್ವ ಖುಷಿಯಾಗ ಅದಾಳ, ಮೊಮ್ಮಕ್ಕಳು ಪಾಸಾದ್ವೇನು?" ಎನ್ನುವರು. ನಿಮ್ಮಜ್ಜನ ವರ್ಷದ ತಿಥಿ ಕಳೆದ ಮರುದಿನ ಗುರುವಾರ ಬಂದಿತು. ನಾನು ಮೂರನೆಯ ಅಂಕಿಯ ಹತ್ತಿರ ನಿಂತುಬಿಟ್ಟೆ. ಮುಂದೆ ಬರಲಿಲ್ಲ. ಮೂರು ನಿಮಿಷ ಹೋಯಿತು. "ಈ ಕಂಪ್ಯೂಟರು ಸರಿ ಇಲ್ಲ," ಎಂದು ಬಾವನವರು ಬೈದು ಮತ್ತೆ ತರಿಸಿದರು. ಮತ್ತೆ ನಿಂತೆ. ಮತ್ತೆ ಕಂಪ್ಯೂಟರನ್ನೇ ಬೈದರು. ಪಾಪ, ಅಂದು ಕಂಪ್ಯೂಟರು ನಾಲ್ಕು ಸಲ ಬೈಸಿಕೊಂಡಿತು.

ಹೀಗಿರುವಾಗ ಕಳೆದ ವರ್ಷ ಒಂದು ಬೆಳಿಗ್ಗೆ ಫೋನು ಗುಂಯ್ ಎಂದಿತು. ಗುರುವಾರವಲ್ಲ. ಅಂಕಿಯೂ ಅಲ್ಲ, ಉದ್ದನೆಯ ಇಂಗ್ಲಿಷ್. ನಿಮ್ಮಮ್ಮ ಜಡೆ ಹಾಕಿಕೊಳ್ಳುತ್ತಾ ಓದಿ ಹೇಳಿದಳು: "ದೊಡ್ಡ ಮಾವನೋರ ಕಾರ್ಡಂತ ಅತ್ತೆ. ಈ ತಿಂಗಳ ಕೊನಿಗೆ ನಿಲ್ಲಸ್ತಾರಂತ. ಆಮ್ಯಾಲ ಇನ್ನ ಇರಂಗಿಲ್ಲಂತ."

ಅವಳು ಬಸ್ಸಿಗೆ ಓಡಿದಳು. ನಾನು ಹಿಟ್ಟಿನ ಕೈಯಲ್ಲಿ ಹಾಗೆಯೇ ಕುಳಿತೆ. ನನಗೆ ಕಾರ್ಡಿನ ಚಿಂತೆ ಎಲ್ಲಿಯದು? ಕಾರ್ಡು ಹೋದರೆ ಅಂಕಿ ಹೋಯಿತು. ಅಂಕಿ ಹೋದರೆ ಗುರುವಾರ ಹೋಯಿತು. ನಿಮ್ಮಜ್ಜನ ದನಿಯನ್ನೇ ಹೋಲುವ ಒಂದು ಕೆಮ್ಮು ಈ ಮನೆಯಲ್ಲಿ ವಾರಕ್ಕೊಮ್ಮೆ ಕೇಳುತ್ತಿತ್ತಲ್ಲ, ಅದೂ ಹೋಯಿತು. ಆ ಕೆಮ್ಮಿನ ಮಾತನ್ನು ನಾನು ಅಲ್ಲಿಯವರೆಗೆ ನನಗೂ ಹೇಳಿಕೊಂಡಿರಲಿಲ್ಲ.

ಅಕ್ಕನ ಕೈಲಿ ಹೇಳಿಸೋಣವೆಂದರೆ ಅವಳು ತವರುಮನೆಗೆ, ಮದ್ದಿಕೇರಕ್ಕೆ ಹೋಗಿದ್ದಳು. ಗುರುವಾರ ಬಾವನವರು ಬಂದು, ಕಿಟಕಿ ಹಾಕಿ, ಶಿವಪಾರ್ವತಿಯರನ್ನು ತಿರುಗಿಸಿ, ಟವೆಲ್ಲು ಹಾಸಿದರು. ನಾನು ಬಾಗಿಲ ಹಿಂದಿನಿಂದ ಹೇಳಿದೆ:

"ಇದು ಈ ತಿಂಗಳಿಗೆ ನಿಂತು ಹೋಗ್ತತಂತ್ರಿ."

ಟವೆಲ್ಲಿನ ಅಡಿಯ ಕೈ ನಿಂತಿತು. "ಗ್ವಾಡೆವ್ವಾ, ಯಾರು ಹೇಳಿದ್ರು?" ಎಂದರು.

"ಫೋನಿಗೆ ಬಂದೈತ್ರಿ."

"ಹಂಗಾರ ಸುಳ್ಳು! ಫೋನಿಗೆ ಬರೋದೆಲ್ಲ ಕಳ್ಳರದು."

ಅಕ್ಕ ಬಂದ ಮೇಲೆ ಮೂವರೂ ಆಟೋದಲ್ಲಿ ಬ್ಯಾಂಕಿಗೆ ಹೋದೆವು. ಬಾವನವರು ಮುಂದೆ ಡ್ರೈವರನ ಪಕ್ಕ, ನಾವು ಹಿಂದೆ. ಕಿಟಕಿಯಲ್ಲಿ ಕುಳಿತಿದ್ದ ಹುಡುಗಿ ಒಳ್ಳೆಯವಳು, ನಮ್ಮ ಕಡೆಯವಳೇ, ಅರ್ಧ ತೆಲುಗು ಬೆರೆಸಿ ಬಳಸುವುದಕ್ಕೆ ವಾಡುವುದು ಎನ್ನುವವಳು. ಫೋನು ನೋಡಿ ಹೇಳಿದಳು:

"ನಿಜ ತಾತಗಾರೂ. ಇದನ್ನ ಈಗ ಯಾರೂ ವಾಡಂಗಿಲ್ಲ, ಅದಕ್ಕ ತೆಗದು ಹಾಕ್ತಾರ. ಈಗೆಲ್ಲ ಫೋನ್ನ್ಯಾಗ ಸ್ಕ್ಯಾನ್ ಮಾಡಿದ್ರಾತು, ಐಪೋಯಿಂದಿ, ಮುಗೀತು. ನಾ ಹಾಕಿ ಕೊಡ್ಲೇನ್ರಿ?"

"ಯಾರೂ ವಾಡಂಗಿಲ್ಲ? ನಾ ಯಾರು ಹಂಗಾರ?"

"ನಿಮ್ಮನ್ನ ಬಿಟ್ಟು ತಾತಗಾರೂ."

"ನೀ ಹೇಳೋದು ಸಾಯತೇನವ್ವಾ?"

ಹುಡುಗಿ ಗಾಬರಿಯಾದಳು. "ಯಾರ್ರಿ?"

"ಆ ನಂಬರು. ಒಂದು ಸಲ ದುಡಿದು ಸಾಯತೇನು?"

"ಇಲ್ರಿ, ಅದು ಯಾವಾಗ್ಲೂ ಇರ್ತತಿ. ಎಷ್ಟು ಸಲ ಬೇಕಾದ್ರೂ ವಾಡಬಹುದು."

ಬಾವನವರು ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡರು. "ಯಾವಾಗ್ಲೂ ಇರೋದು ಅಂತ ಯಾರರ ಹೇಳಿದ್ರ ನನಗ ಭರೋಸಾ ಬರಂಗಿಲ್ಲವ್ವಾ," ಎಂದು ಹೇಳಿ ಹೊರಗೆ ನಡೆದರು.

ಆಟೋದಲ್ಲಿ ಅಕ್ಕ ಪಿಸುಗುಟ್ಟಿದಳು: "ಎಮ್ಮಿ ಸತ್ತಾಗ ಸುದ್ದಾ ಈ ಮನಷ್ಯಾ ಹಿಂಗ ಮಾರಿ ಸಪ್ಪಗ ಮಾಡಿರಲಿಲ್ಲ."

ತಿಂಗಳ ಕೊನೆಯ ಗುರುವಾರ ಬಾವನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಕೊನೆಯ ಕಾರ್ಡಿನಿಂದ ಏನು ಕೊಳ್ಳುವುದು? ಬಹಳ ಹೊತ್ತು ಕಂಪ್ಯೂಟರಿನಲ್ಲಿ ಸಾಮಾನುಗಳ ಚಿತ್ರ ನೋಡಿದರು. ಬಾಗಿಲ ಸಂದಿನಿಂದ ನನಗೂ ಕಾಣುತ್ತಿತ್ತು. ಗಡಿಯಾರಗಳು ಹೋದವು, ದೋಣಿಗಳು ಹೋದವು, ತಂತಿಯ ಮೇಲೆ ನಡೆಯುವ ಗೊಂಬೆಯೊಂದು ಹೋಯಿತು. ಜಗತ್ತಿನ ಸಾಮಾನುಗಳೆಲ್ಲ ಒಂದು ಮೆರವಣಿಗೆಯಲ್ಲಿ ನಮ್ಮ ಪಡಸಾಲೆಯನ್ನು ಹಾದು ಹೋಗುತ್ತಿರುವ ಹಾಗಿತ್ತು.

"ಗ್ವಾಡೆವ್ವಾ, ಕೊನೀದು. ಯಾರಿಗರ ಏನರ ಬೇಕಾ?"

ನನಗೆ ಬೇಕಾದದ್ದು ಆ ಮೆರವಣಿಗೆಯಲ್ಲಿ ಇರಲಿಲ್ಲ.

ಫೋನು ಗುಂಯ್ ಎಂದಿತು. ನಾನು ಓದಿದೆ. ಅವಸರವಿಲ್ಲದೆ, ಪ್ರತಿ ಅಂಕಿಗೂ ಮರ್ಯಾದೆ ಕೊಟ್ಟು ಓದಿದೆ. ಇಷ್ಟು ದಿನದಲ್ಲಿ ಎರಡೂವರೆ ನಿಮಿಷದಲ್ಲಿ ಮರ್ಯಾದೆಯನ್ನೆಲ್ಲ ಮುಗಿಸುವುದು ನನಗೆ ಅಭ್ಯಾಸವಾಗಿತ್ತು. ಪರದೆಯ ಮೇಲೆ ಕಾರ್ಡು ಹುಟ್ಟಿತು. ಬಾವನವರು ಅದನ್ನೇ ನೋಡುತ್ತಾ ಕುಳಿತರು. ಸ್ಲೇಟು ತೆಗೆಯಲಿಲ್ಲ.

"ಇದೊಂದು ದುಡೀದಂಗ ಹೋಗ್ಲಿ," ಎಂದರು. "ಒಂದಿನ ಸುಮ್ನ ಇರ್ಲಿ."

ಶಿವಪಾರ್ವತಿಯರನ್ನು ಈ ಕಡೆ ತಿರುಗಿಸಿ, ಚಹಾ ಕುಡಿದು, ಹೋದರು.

ಮುಂದಿನ ಗುರುವಾರ ಅವರು ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ನಾನು ಒಂದು ಲೋಟ ಚಹಾ ಹೆಚ್ಚು ಇಟ್ಟೆ. ಕಿಟಕಿ ಹಾಕುವವರಿಲ್ಲದೆ ಪಡಸಾಲೆಯಲ್ಲಿ ಬೆಳಕು ತುಂಬಿಕೊಂಡು, ನನಗೆ ನನ್ನ ಮನೆಯೇ ಗುರುತು ಸಿಗಲಿಲ್ಲ. ಅದರ ಮುಂದಿನ ಗುರುವಾರವೂ ಹಾಗೆಯೇ. ಎದುರಿಗೆ ಯಾರೂ ಇಲ್ಲದಿದ್ದಾಗ, ನಾಚಿಕೆಗೆಟ್ಟು ಹೇಳುತ್ತೇನೆ, ಬಾಗಿಲ ಹಿಂದೆ ನಿಂತು ಬಾಯಿಗೆ ಬಂದ ಆರು ಅಂಕಿ ಹೇಳಿದೆ. ಯಾರೂ ಒತ್ತಲಿಲ್ಲ.

ಮೂರನೆಯ ಗುರುವಾರ ಬೆಳಿಗ್ಗೆ ಅಕ್ಕ ಬಂದಳು.

"ತಂಗಿ, ನಿಮ್ಮ ಬಾವಗ ಏನೋ ಆಗೈತೇ. ಗುರುವಾರ ಮಧ್ಯಾಹ್ನ ಆತಂದ್ರ ಚಪ್ಪಲಿ ಮೆಟ್ಟತಾರ, ಬೀದಿ ಬಾಗಿಲ ತನಕ ಹೋಗ್ತಾರ, ತಿರುಗಿ ಬಂದು ಚಪ್ಪಲಿ ಬಿಡ್ತಾರ. ಹೋಗ್ರಿ ಅಂದ್ರ, 'ಅಲ್ಲಿ ನನಗ ಏನು ಕೆಲಸ ಐತಿ?' ಅಂತಾರ."

"ನೀ ಏನಂದಿ ಅಕ್ಕಾ?"

"ನಾ ಏನನ್ನಲಿ? ಕೆಲಸ ಇರೋದು ನನ್ನ ಹತ್ರ ಅಲ್ಲಲ್ಲ," ಎಂದು ನನ್ನ ಮುಖವನ್ನೇ ನೋಡಿದಳು. ಆಮೇಲೆ ಒಂದು ಹಿಡಿ ಕರಿಬೇವು ಕೇಳಿ ತೆಗೆದುಕೊಂಡು ಹೋದಳು. ಕರಿಬೇವಿನ ಗಿಡ ಅವರ ಹಿತ್ತಲಲ್ಲೇ ಇದೆ!

ಊಟವಾದ ಮೇಲೆ ನಾನು ಸೀರೆ ಬದಲಿಸಿದೆ. ಎರಡು ಬೀದಿ ಆಚೆ ಅವರ ಮನೆ. ಆ ಮನೆಗೆ ನಾನು ಸಾವಿರ ಸಲ ಹೋಗಿದ್ದೇನೆ, ಸಾವಿರ ಸಲವೂ ಹಿತ್ತಲ ಬಾಗಿಲಿನಿಂದ ನೇರ ಅಡುಗೆಮನೆಗೆ. ಅಂದು ಕಾಲುಗಳು ಮುಂಬಾಗಿಲಿನ ಕಡೆ ಹೋದವು. ನಾನು ಹೇಳಿದ್ದಲ್ಲ, ಅವೇ ಹೋದವು. ನಿದ್ದೆಯಲ್ಲಿ ನಡೆದ ಹಾಗಿತ್ತು. ಬಿಸಿಲಿತ್ತು, ಆದರೆ ಸುಡಲಿಲ್ಲ.

ಬಾವನವರು ಕಟ್ಟೆಯ ಮೇಲೆ ಕುಳಿತಿದ್ದರು, ಕಾಲಲ್ಲಿ ಚಪ್ಪಲಿ. ನನ್ನನ್ನು ಕಂಡು, ಪದ್ಧತಿಯ ಪ್ರಕಾರ ದಾರಿ ಬಿಡಲು ಕೆಮ್ಮಿ ಎದ್ದರು. ಆ ಕೆಮ್ಮು ಕೇಳಿ ನನ್ನ ಗಂಟಲು ಬಿಚ್ಚಿತು.

"ಬಾವಾ, ಹೋಗಬ್ಯಾಡ್ರಿ."

ಒಳಗೆ ಅಕ್ಕ ಏನೋ ತೊಳೆಯುತ್ತಿದ್ದ ಸದ್ದು ನಿಂತಿತು. ನಾನು ಕೆಳಗಿನ ಮೆಟ್ಟಿಲ ಮೇಲೆ ಕುಳಿತೆ. ಮುಂದೇನು ಹೇಳಬೇಕೆಂದು ಯೋಚಿಸಿಕೊಂಡು ಬಂದಿರಲಿಲ್ಲ. ನನ್ನ ಹತ್ತಿರ ಅಂಕಿ ಇರಲಿಲ್ಲ, ಕೆಲಸ ಇರಲಿಲ್ಲ. ಇದ್ದದ್ದು ನಿಮ್ಮಜ್ಜನ ಬಗ್ಗೆ ಒಂದೇ ಪ್ರಶ್ನೆ, ಎಷ್ಟೋ ದಿನದಿಂದ ಇದ್ದದ್ದು, ಕೇಳಲು ಈ ಲೋಕದಲ್ಲಿ ಉಳಿದವರು ಇವರೊಬ್ಬರೇ.

"ಸಣ್ಣವರಿದ್ದಾಗ ಅವರು ಹ್ಯಾಂಗಿದ್ರು ಬಾವಾ?"

ಬಾವನವರು ಕಂಬದ ಕಡೆ ನೋಡಿದರು. ಗೋಡೆಯ ಕಡೆ ನೋಡಿದರು. ಆಮೇಲೆ ಮೆಲ್ಲನೆ ಚಪ್ಪಲಿ ಬಿಟ್ಟು, ಮತ್ತೆ ಕಟ್ಟೆಯ ಮೇಲೆ ಕುಳಿತು, ನನ್ನ ಕಡೆ ತಿರುಗಿದರು.

"ಭಾಳ ಸಣ್ಣಾಂವ ಇದ್ದನವ್ವಾ. ನಾಲ್ಕೋ ಐದೋ ವರ್ಷ. ನಮ್ಮಪ್ಪ ಜಿನ್ನಿನ್ಯಾಗ ಕೆಲಸಕ್ಕಿದ್ದ, ನಾವು ಬುತ್ತಿ ಒಯ್ತಿದ್ವಿ. ಒಂದಿನ ಇಂವ ಕಾಣಸಲಿಲ್ಲ. ಬೀದಿ ಬೀದಿ ಹುಡುಕಿದ್ವಿ. ಬಾವ್ಯಾಗ ಇಣುಕಿದ್ವಿ. ಅವ್ವ ಎದಿ ಬಡಕೊಳ್ಳಾಕ ಹತ್ತಿದ್ಲು. ನಾ ತಿರುಗಿ ಜಿನ್ನಿನ ಒಳಗ ಹೋದೆ. ಮಷೀನು ನಿಲ್ಲಿಸಿದ್ರು. ಒಂದು ಸಪ್ಪಳ ಇಲ್ಲ. ಛಾವಣಿ ತನಕ ಹತ್ತಿ ರಾಶಿ, ಬೆಳ್ಳಗ. ಸುಮ್ನ ನಿಂತು ನೋಡಿದೆ. ಮೂಲ್ಯಾಗಿನ ಒಂದು ಸಣ್ಣ ರಾಶಿ ಮೆಲ್ಲಗ ಮ್ಯಾಲ ಏಳತಿತ್ತು, ಮೆಲ್ಲಗ ಕೆಳಗ ಇಳೀತಿತ್ತು. ಹತ್ತಿ ಉಸಿರಾಡ್ತಿತ್ತವ್ವಾ, ಒಳಗ ಇಂವಗ ನಿದ್ದಿ."

ಒಳಗೆ ಪಾತ್ರೆಯ ಸದ್ದು ಇನ್ನೂ ಶುರುವಾಗಿರಲಿಲ್ಲ.

"ಓಡಿ ಹೋಗಿ ಅವ್ವಗ ಹೇಳಬೇಕಿತ್ತು ನೋಡು. ಹೇಳಲಿಲ್ಲ. ಅಲ್ಲೇ ಕುಂತು ಎಷ್ಟೋ ಹೊತ್ತು ಅದನ್ನ ನೋಡಿದೆ."